ಬೀಗರ ಮನೆಯಲ್ಲಿ ನಿಂತ ಹಡಗು

ಊಟವಾದ ಮೇಲೆ ಎಲ್ಲರಿಗೂ ನಿದ್ದೆ ಬರುತ್ತದೆ, ನನಗೆ ಹಡಗು ಬರುತ್ತದೆ. ನಿವೃತ್ತನಾದ ಮೇಲೆ ಹೊತ್ತು ಹೋಗದೆ ಷಿಕಾಗೋದ ಒಂದು ಗ್ರಂಥಾಲಯದಲ್ಲಿ ಸಂಬಳವಿಲ್ಲದ ಕೆಲಸಕ್ಕೆ ಸೇರಿಕೊಂಡೆ. ಅಮೆರಿಕ ಇನ್ನೂ ಹೊಸ ದೇಶವಾಗಿದ್ದ ಕಾಲದಲ್ಲಿ ವ್ಯಾಪಾರದ ಹಡಗು ನಡೆಸುತ್ತಿದ್ದ ಕ್ಯಾಪ್ಟನ್‌ಗಳ ದಿನಚರಿ, ಮನೆಗೆ ಬರೆದ ಕಾಗದ, ಇವನ್ನೆಲ್ಲ ಓದಿ ಕಂಪ್ಯೂಟರಿಗೆ ಇಳಿಸುವುದು ನನ್ನ ಪಾಲಿಗೆ ಬಂತು. ಮೈಸೂರಿನಲ್ಲಿ ಬೆಳೆದ ನಾನು ಚಿಕ್ಕಂದಿನಲ್ಲಿ ಕಂಡ ಅತಿ ದೊಡ್ಡ ನೀರೆಂದರೆ ಕುಕ್ಕರಹಳ್ಳಿ ಕೆರೆ. ಆದರೂ ಕಂದುಗಟ್ಟಿದ ಆ ಹಾಳೆಗಳ ಮೇಲೆ ಬಾಗಿದರೆ ಸಾಕು, ಕುರ್ಚಿ ಮೆಲ್ಲಗೆ ತೂಗತೊಡಗುತ್ತದೆ. ಬೇಸಿಗೆಯಲ್ಲಿ ಷಿಕಾಗೋ ಪಕ್ಕದ ವೆಸ್ಟ್‌ಮಂಟ್‌ನ ನಮ್ಮ ಮನೆಯ ಲಾನಿಗೆ ನೀರು ಬಿಟ್ಟು ನಿಂತರೂ ಹುಲ್ಲು ಅಲೆಯಾಗಿ ಏಳುತ್ತದೆ. ಮಕ್ಕಳ ಡಾಕ್ಟರಾಗಿರುವ ನನ್ನ ಹೆಂಡತಿ ಸುಮಿತ್ರ, “ಏನ್ರೀ, ಮತ್ತೆ ಹೊರಟ್ರಾ?” ಎಂದು ಕೇಳಿ ನಲ್ಲಿ ನಿಲ್ಲಿಸುತ್ತಾಳೆ.

ಕಳೆದ ಚಳಿಗಾಲದಲ್ಲಿ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಲಿವೋನಿಯಾ ಊರಿಗೆ ಹೋಗಬೇಕಾಯಿತು. ಮಗಳು ಮೇಘನಾ ಮೆಚ್ಚಿದ ಹುಡುಗನ ಅಪ್ಪ ಅಮ್ಮನನ್ನು ಮೊದಲ ಸಲ ಭೇಟಿಯಾಗುವುದು, ಎಲ್ಲ ಹೊಂದಿಕೊಂಡರೆ ಮದುವೆಯ ಮಾತು. ಹುಡುಗನ ತಂದೆ ಬಸವರಾಜ ಅವರು ಧಾರವಾಡದವರು, ಮಾತು ಕಮ್ಮಿ ಎಂದು ಕೇಳಿದ್ದೆವು. “ಇವತ್ತೊಂದಿನ ಹಡಗಿನ ಸುದ್ದಿ ಎತ್ತಬೇಡಿ,” ಎಂದಳು ಸುಮಿತ್ರ. ಹಿಂದಿನ ಸೀಟಿನಿಂದ ಮಗಳು, “ಪ್ಲೀಸ್ ಡ್ಯಾಡ್, ಬಿ ನಾರ್ಮಲ್,” ಎಂದಳು. ಆಗಲಿ ಎಂದೆ. ಎಂದವನು ಅದೇ ಯೋಚನೆಯಲ್ಲಿ ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ದಾಟಿಬಿಟ್ಟೆ.

ಹುಡುಗನೂ ಸೇರಿ ಆರು ಜನ ಊಟಕ್ಕೆ ಕೂತೆವು. ದಾರಿ ಹೇಗಿತ್ತು, ಹೊರಗೆ ಎಷ್ಟು ಡಿಗ್ರಿ, ಅಷ್ಟಕ್ಕೆ ಮಾತೆಲ್ಲ ಖರ್ಚಾಯಿತು. ಆಮೇಲೆ ತಟ್ಟೆಗೆ ಚಮಚ ತಾಗುವ ಸದ್ದು ಮಾತ್ರ. ಹುಡುಗನ ತಾಯಿ ಶಾಂತಾ ಅವರ ಎಣ್ಣೆಗಾಯಿಯನ್ನು ಹೊಗಳಿ ಹೊಗಳಿ ಸುಮಿತ್ರಳಿಗೂ ಸಾಕಾಯಿತು. ಮಗಳ ಮುಖ ಸಪ್ಪಗಾಯಿತು. ಕೊನೆಗೆ ಸುಮಿತ್ರಳೇ ದಾರಿಗಾಣದೆ, “ಇವರು ಹಳೇ ಹಡಗಿನ ಕ್ಯಾಪ್ಟನ್‌ಗಳ ಕಾಗದ ಓದ್ತಾರೆ. ಹೇಳ್ರೀ,” ಎಂದಳು.

ಹೇಳಿದೆ. ಒಬ್ಬ ಕ್ಯಾಪ್ಟನ್ನನ ಹಡಗು ನಡು ಸಮುದ್ರದಲ್ಲಿ ಗಾಳಿ ಬೀಸದೆ ನಿಂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಅವನು ಬರೆದದ್ದು ಒಂದೇ ಮಾತು: ಗಾಳಿ ಇಲ್ಲ.

ಬಸವರಾಜ ಅವರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು, “ಗಾಳಿ ಬರೋತನಕ ಏನ್ ಮಾಡ್ತಿದ್ರು ಮತ್ತ?”

“ಹರಿದ ಹಾಯಿ ಹೊಲೀತಿದ್ರು. ಕ್ಯಾಪ್ಟನ್ ಹೆಂಡತಿಗೆ ಕಾಗದ ಬರೀತಿದ್ದ.”

“ಅದನ್ನ ಮುಟ್ಟಸಾವ್ರು ಯಾರು?”

“ಎದುರಿಗೆ ಸಿಕ್ಕ ಹಡಗಿನವರ ಕೈಗೆ ಕೊಡೋದು.”

ಅವರು ತುತ್ತನ್ನು ಮತ್ತೆ ತಟ್ಟೆಗಿಟ್ಟರು. “ಗಾಳಿ ಇಲ್ಲಂದ್ರ ಆ ಹಡಗೂ ಬರಂಗಿಲ್ಲಲ್ರಿ,” ಎಂದರು.

ಇಷ್ಟು ಕಾಲ ಓದಿಯೂ ನನಗೆ ಇದು ಹೊಳೆದಿರಲಿಲ್ಲ. ಕೈ ತೊಳೆದು ಇಬ್ಬರೂ ಕಿಟಕಿಯ ಬಳಿ ಕೂತೆವು. ಹೊರಗೆ ಬಡಾವಣೆಯೆಲ್ಲ ಹಿಮ ಹೊದ್ದು, ಒಂದು ಕಡ್ಡಿಯೂ ಅಲುಗದೆ, ಬೆಳ್ಳಗೆ ಹರಡಿತ್ತು. ಎಲ್ಲಿಯಾದರೂ ಒಂದು ಹಾಯಿ ಕಂಡೀತೆ ಎಂದು ಕಾಯುವವರಂತೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಬೆನ್ನ ಹಿಂದೆ, ದೂರದ ದಡದಿಂದ ಕೇಳುವ ಹಾಗೆ, ಹೆಂಗಸರ ನಗು ಕೇಳುತ್ತಿತ್ತು.

ವಾಪಸು ಬರುವಾಗ ಸುಮಿತ್ರ ತುಂಬ ಹಗುರಾಗಿದ್ದಳು. “ಜೂನ್‌ಗೆ ಇಟ್ಕೊಂಡಿದೀವಿ. ಸರಿ ತಾನೆ?” ಎಂದಳು.

“ಏನನ್ನ?” ಎಂದೆ.

ಅವಳು ಅಲ್ಲೇ ಶಾಂತಾ ಅವರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನನ್ನ ಮೇಲೆ ದೂರು ಹೇಳಿದಳು. ಆ ಕಡೆಯಿಂದ ಶಾಂತಾ ಅವರು ನಿಟ್ಟುಸಿರುಬಿಟ್ಟರು. “ನಮ್ಮವ್ರೂ ಈಗ ಕೇಳಿದ್ರು ನೋಡ್ರಿ, ಯಾರ ಮದುವಿ ಅಂತ.”

ನಾನು ಬಸವರಾಜ ಅವರಷ್ಟು ದೂರ ಹೋದವನಲ್ಲ ಎಂದು ಮಗಳಿಗೆ ವಿವರಿಸುತ್ತಿದ್ದಾಗ, ಮನೆಯ ಎಕ್ಸಿಟ್ಟೂ ದಾಟಿಹೋಯಿತು.