ಆರು ಜನ ಕೆಲ್ಲಿಗಳಲ್ಲಿ ನಮ್ಮವನು

ಆಗ ನನಗೆ ಎಪ್ಪತ್ತೆರಡು. ಇದಾಗಿ ಎರಡು ವರ್ಷ. ಈ ವಯಸ್ಸಿನಲ್ಲಿ ಗುಟ್ಟು ಇಟ್ಟುಕೊಳ್ಳಬಾರದು, ಮಂಡಿನೋವು ಸಾಲದೆ ಅದನ್ನೂ ಹೊತ್ತು ತಿರುಗಬೇಕು. ನನ್ನ ಹತ್ತಿರ ಒಂದಿತ್ತು.

ಗಲ್ಫಿನ ಅಲ್ ವುಕೈರಿನಲ್ಲಿ ಮಗ ಮಂಜನ ಮನೆ. ಅವನ ಮಗಳು ಸಿಂಚನಾಗೆ ಶಾಲೆಯಲ್ಲಿ ವಂಶವೃಕ್ಷದ ಚಾರ್ಟ್ ಮಾಡಲು ಹೇಳಿದ್ದರು. ಇವಳು ಸುಮ್ಮನಿರದೆ, "ನಮ್ಮ ಮುತ್ತಜ್ಜನ ಅಪ್ಪ ಐರ್ಲೆಂಡಿನವನು" ಅಂದುಬಿಟ್ಟಿದ್ದಾಳೆ. ಕ್ಲಾಸೆಲ್ಲ ನಕ್ಕಿತಂತೆ. "ಕನ್ನಡಿ ನೋಡ್ಕೊಂಡಿದ್ದೀಯಾ?" ಅಂದಳಂತೆ ಒಬ್ಬಳು. ಗುರುವಾರ ಹೆಸರು ಸಮೇತ ಚಾರ್ಟ್ ತರದಿದ್ದರೆ ಇವಳು ವರ್ಷವಿಡೀ ಸುಳ್ಳುಬುರುಕಿ. ಆ ಕಥೆ ಹೇಳಿಕೊಟ್ಟವಳು ನಾನೇ.

ಕಥೆ ಸುಳ್ಳಲ್ಲ. ಕೋಲಾರದ ಚಿನ್ನದ ಗಣಿಗೆ ಬಂದ ಕೆಲ್ಲಿ ದೊರೆ ನಮ್ಮ ಜನದ ಹೆಂಗಸನ್ನು ಕಟ್ಟಿಕೊಂಡ. ಅವರ ಮಗನೇ ನಮ್ಮ ಮಾವ. ದೊರೆ ಬಿಟ್ಟುಹೋದದ್ದು ಒಂದೇ ಒಂದು ಫೋಟೋ. ಮುಖವನ್ನು ಗೆದ್ದಲು ತಿಂದಿದೆ, ಬೂಟು ಚೆನ್ನಾಗಿದೆ. ಮಂಜ ಮೂರು ದಿನ ಕಂಪ್ಯೂಟರಿನಲ್ಲಿ ಕೆದಕಿ ಗಣಿಯ ಹಳೇ ಪಟ್ಟಿ ತೆಗೆದ. ಅದರಲ್ಲಿ ಕೆಲ್ಲಿಗಳೇ ಆರು ಜನ! "ಮೊದಲ ಹೆಸರು ಬೇಕಮ್ಮ, ಇಲ್ಲಾಂದ್ರೆ ಖಲಾಸ್" ಅಂದ.

ಬದುಕಿರುವವರಲ್ಲಿ ಆ ಹೆಸರು ಗೊತ್ತಿದ್ದದ್ದು ನನಗೊಬ್ಬಳಿಗೇ. ನಮ್ಮ ಯಜಮಾನರಿಗೆ ತೊಟ್ಟಿಲಲ್ಲಿ ಆ ಅಜ್ಜನ ಹೆಸರನ್ನೇ ಇಟ್ಟಿದ್ದರು. ದೊರೆ ನಮ್ಮತ್ತೆಗೆ ಮಾವ; ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದಲ್ಲ, ಅದಕ್ಕೇ ನಮ್ಮತ್ತೆ ಮಗನನ್ನು ರಾಜಣ್ಣ ಅಂತ ಕರೆದರು, ಸ್ಕೂಲಿನಲ್ಲೂ ಹಾಗೇ ಬರೆಸಿದರು. ಮದುವೆಯ ಹೊಸದರಲ್ಲಿ ಇವರು ಅದನ್ನು ಹೇಳಿ ನಕ್ಕಿದ್ದರು. ಅತ್ತೆಯ ಪೆದ್ದುತನಕ್ಕೆ ನಾನೂ ನಕ್ಕಿದ್ದೆ. ಆದರೆ ಅದು ಈಗ ನನ್ನ ಗಂಡನ ಹೆಸರೂ ಹೌದಲ್ಲ! ರೇಷನ್ ಅಂಗಡಿಯಲ್ಲಾಗಲಿ ಇಲ್ಲಿನ ಆಸ್ಪತ್ರೆಯಲ್ಲಾಗಲಿ, ಯಜಮಾನರ ಹೆಸರೇನು ಅಂದರೆ ಪಕ್ಕದವರ ಮುಖ ನೋಡಿಯೇ ಬದುಕಿದವಳು ನಾನು.

ಬುಧವಾರ ಮಧ್ಯಾಹ್ನ, "ಗೊತ್ತು. ಹೇಳಲ್ಲ" ಅಂದೆ.

"ಯಾಕಜ್ಜಿ?"

"ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಡಿಮೆಯಾಗುತ್ತೆ ಕಣೇ."

"ತಾತ ಹೋಗಿ ಒಂಬತ್ತು ವರ್ಷ ಆಯ್ತು! ಇನ್ನೆಷ್ಟು ಕಡಿಮೆ ಆಗುತ್ತೆ?"

ಅಡುಗೆಮನೆಯಲ್ಲಿ ಸೊಸೆ ಕಿಸಕ್ಕನೆ ನಕ್ಕಳು. ಅವಳು ಗಂಡನಿಗೆ "ಮಂಜೂ, ಕಸ ಹಾಕಿ ಬಾ" ಅನ್ನುವವಳು. ಅವನೋ, ದಿನೇ ದಿನೇ ದಪ್ಪಗಾಗುತ್ತಿದ್ದಾನೆ.

ಹಾಳಾಗಿ ಹೋಗಲಿ ಎಂದು ಬಾಯಿ ತೆರೆದೆ. ಕೆಮ್ಮು ಬಂತು. ಮತ್ತೆ ತೆರೆದೆ. ಆಕಳಿಕೆ ಬಂತು. "ಬಿಡಿ ಅಜ್ಜಿ, ಸುಳ್ಳು ಹೇಳಿದೆ ಅಂತ ಒಪ್ಕೊಂಡುಬಿಡ್ತೀನಿ" ಎಂದು ಮೊಮ್ಮಗಳು ಚಾರ್ಟ್ ಸುತ್ತಿಟ್ಟು ಟ್ಯೂಷನ್ನಿಗೆ ಹೋದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಸಂಜೆಯ ಕಾಫಿ ರುಚಿಸಲಿಲ್ಲ.

ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಮೂರನೇ ಕ್ಲಾಸಿನಷ್ಟು ಬರುತ್ತದೆ. ಗಂಡನ ಹೆಸರು ಹೇಳಬಾರದು ಅಂದ ಹಿರಿಯರು ಬರೆಯಬಾರದು ಅಂದಿರಲಿಲ್ಲ. ಹೆಂಗಸರು ಬರೆಯುತ್ತಾರೆ ಅಂತ ಅವರಿಗೆಲ್ಲಿ ಹೊಳೆದೀತು? ಬೇರೆಯವರನ್ನು ಯಾಕೆ ಅನ್ನಲಿ, ನನಗೇ ಹೊಳೆಯಲು ಅಷ್ಟು ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ, ಸ್ಕೂಲ್ ಬಸ್ಸು ಬರುವ ಮೊದಲು ಚಾರ್ಟ್ ಬಿಚ್ಚಿ, ಸ್ಕೆಚ್ ಪೆನ್ನಿನಲ್ಲಿ ಖಾಲಿ ಚೌಕದೊಳಗೆ ದಪ್ಪಗೆ ಬರೆದೆ: ಡೆನಿಸ್. ಮಂಜ ಪಟ್ಟಿ ನೋಡಿ, "ಇದ್ದಾನಮ್ಮ, ಮೂರನೆಯವನು!" ಎಂದು ಕೂಗಿದ. ಸಿಂಚನಾ ಆ ಹೆಸರನ್ನು ಬಾಗಿಲಿನಿಂದ ಲಿಫ್ಟಿನವರೆಗೂ ಒದರಿಕೊಂಡೇ ಹೋದಳು. ನಾನು ಎರಡೂ ಕಿವಿ ಮುಚ್ಚಿಕೊಂಡು ನಿಂತೆ.