ಬಾಗಿಲ ಮುಂದ ಗಂಡಸರ ಚಪ್ಪಲಿ

ಒಬ್ಬಾಕಿನೇ ಇರೂ ಹೆಣಮಗಳ ಮನ್ಯಾಗ ಏನೂ ನಡಿಯಂಗಿಲ್ಲ ಅಂತ ಜನ ತಿಳ್ಕೊಂಡಾರ. ನಮ್ಮ ಮಲ್ಕಾಜ್‌ಗಿರಿ ಓಣಿಗೆ ಬಂದು ಕೇಳ್ರಿ, ವಾರಕ್ಕೊಂದು ನಡೀತೈತಿ. ನಡೀಲಿಲ್ಲಂದ್ರ ಬಾಗಿಲ ಸಂದ್ಯಾಗ ಕಣ್ಣಿಟ್ಟು ನಾನೇ ಹುಡುಕಿ ತೆಗೀತೀನಿ.

ಡ್ಯೂಟಿ ಮ್ಯಾಲಿನ ಗಂಡ

ನಮ್ಮ ಮನೆಯವರು ರೈಲ್ವೆದಾಗ ಗಾರ್ಡ್ ಇದ್ರು. ಅವರು ತೀರಿಕೊಂಡ ಮ್ಯಾಲ ಕ್ವಾರ್ಟರ್ಸ್ ಬಿಡಬೇಕಾತು. ಕಲಬುರಗ್ಯಾಗಿನ ಮೈದುನ ಬಂದು, "ವೈನಿ, ನಮ್ಮನಿಗೇ ಬಂದ್ಬಿಡ್ರಿ" ಅಂದ. ಅವನ ಮನ್ಯಾಗ ಬಾಯಿ ಭಾಳ, ಬಚ್ಚಲ ಒಂದೇ. ಅಲ್ಲಿ ಚಹಾ ನನ್ನ ಕೈಗೆ ಬರೂದ್ರಾಗ ಆರಿ ಕೆನಿಗಟ್ಟಿರ್ತೈತಿ. ಟೀವಿ ಮುಂದ ಕುಂತ್ರ, "ದೊಡ್ಡಮ್ಮ, ನಿಮಗ ಇದು ತಿಳಿಯಂಗಿಲ್ಲ" ಅಂತ ಹುಡುಗರು ಚಾನೆಲ್ ಬದಲಸ್ತಾವು. ತವರಮನ್ಯಾಗ ತಂಗಿಯರ ನಡುವ ಮಲಗಿದಾಕಿ, ಗಂಡನ ಮನ್ಯಾಗ ನಾದಿನಿಯರ ನಡುವ ಮಲಗಿದಾಕಿ. ಮಂಚದ ಮ್ಯಾಲ ಅಡ್ಡಡ್ಡ ಮಲಗಿದ್ರ ಹ್ಯಾಂಗಿರ್ತೈತಿ ಅಂತ ಒಮ್ಮೆರ ನೋಡಬೇಕಾಗಿತ್ತು ನನಗ.

ಆದ್ರ ಮನಿ ಕೊಡಾವ್ರು ಯಾರು? ಆಗ ಕಂಪ್ಯೂಟರ್ ಕಂಪನಿಗಳು ಬಂದು ಹೈದರಾಬಾದಿನ ಮನಿ ಮಾಲಕರಿಗೆಲ್ಲಾ ಸೊಕ್ಕು ಏರಿತ್ತು. "ಫ್ಯಾಮಿಲಿಗಿ ಮಾತ್ರ" ಅಂತ ಬಾಗಲಾ ಹಾಕ್ಕೊಳ್ಳಾವ್ರು. ನಾನೇನು ಸರ್ಕಸ್ಸಿಂದ ಬಂದೀನೇನು?

ಕಡೀಕ ಸಿಕ್ಕ ಮಾಲಕ ಮಿಯಾಪುರದಾಗ ಹೊಸಾ ಫ್ಲ್ಯಾಟ್ ಮಾಡಿ ಅಲ್ಲೇ ಇರ್ತಿದ್ದ. ಇಲ್ಲಿ ಕೆಳಗ ಎರಡು ಖೋಲಿ, ಮ್ಯಾಲ ಒಂದು ಖೋಲಿ. "ರೈಲ್ವೆ ಗಾರ್ಡ್ ಫ್ಯಾಮಿಲಿ" ಅಂದೆ, ಒಪ್ಪಿದ. ಸಾಮಾನು ಇಳಿಸಿದ ದಿನ ಬಂದು, "ಸಾರ್ ಎಲ್ಲಮ್ಮಾ?" ಅಂತ ಕೇಳಿದ.

"ಡ್ಯೂಟಿ ಮ್ಯಾಲ ಹೋಗ್ಯಾರ್ರಿ" ಅಂದೆ.

ಯಾವ ಲೈನಿಗೆ ಅಂತ ಅವ ಕೇಳಲಿಲ್ಲ, ನಾ ಹೇಳಲಿಲ್ಲ.

ಅವತ್ತಿಂದ ನನ್ನ ಪದ್ಧತಿ ಚಾಲೂ ಆತು. ಮನೆಯವರ ಕರೀ ತೊಗಲಿನ ಡ್ಯೂಟಿ ಬೂಟು ಟ್ರಂಕಿನ್ಯಾಗಿಂದ ತೆಗದೆ. ಸಂಜಿಗೆ ಬಾಗಿಲ ಮುಂದ ಇಡೂದು: ಗಂಡ ಮನ್ಯಾಗ ಅದಾನ. ಮುಂಜಾನೆದ್ದು ಒಳಗ ತಂದು ಮಂಚದ ಕೆಳಗ ತಳ್ಳೂದು: ಗಂಡ ಡ್ಯೂಟಿಗೆ ಹೋದ. ಓಣ್ಯಾಗಿನವರಿಗೆ ಎಲ್ಲಾ ಗೊತ್ತಿತ್ತು. ಆದ್ರ ಮಾಲಕನ ಮುಂದ ಒಬ್ರೂ ಬಾಯಿ ಬಿಡಲಿಲ್ಲ. ಯಾಕಂದ್ರ ಅವರದೆಲ್ಲಾ ನನಗ ಗೊತ್ತಿತ್ತು.

ವರ್ಷ ಕಳಧಂಗ ಮಾಲಕ ಒಮ್ಮೆ, "ಸಾರ್ ಇನ್ನೂ ರಿಟೈರ್ ಆಗಿಲ್ಲೇನಮ್ಮಾ?" ಅಂದ.

"ಅವರದು ಇನ್ನ ಬಿಡೂ ನೌಕರಿ ಅಲ್ರಿ" ಅಂದೆ.

ಅಂಕಲ್ ಸ್ನಾನ

ಒಬ್ಬಾಕಿನೇ ಇರೂದ್ರ ಸುಖ ಏನು ಅಂತ ಕೇಳಿದ್ರ, ಮಿರ್ಚಿ ಭಜಿ. ನಾಕು ಕರದ್ರ ನಾಕೂ ನನಗ. ಒಂದಿನ ಸಂಜಿಮುಂದ ಭಜಿ ತಾಟು, ಚಹಾ ಮುಂದಿಟ್ಕೊಂಡು, ದೊಡ್ಡ ದನೀಲೆ ಟೀವಿ ಹಚ್ಕೊಂಡು ಕುಂತಿದ್ದೆ. ಬಾಗಲಾ ಬಡದ್ರು. ಸಂದಿಲೇ ನೋಡಿದ್ರ ಕೊರಳಿಗೆ ಟೈ ಕಟ್ಟಿದ ಒಬ್ಬ. ಟೈ ಕಟ್ಟಿದವರ ಮ್ಯಾಲ ನನಗ ಮೊದಲಿಂದ ಸಂಶಯ. ಕಳ್ಳನಾಗಿದ್ರ ಇಷ್ಟು ಚೊಕ್ಕ ಬರ್ತಿದ್ದಿಲ್ಲ, ಇಂವ ಅದಕ್ಕಿಂತ ಕೆಟ್ಟಾಂವ ಇರಬೇಕು ಅನಿಸ್ತು. ಬ್ಯಾಂಕಿನ ಕಾರ್ಡ್ ಮಾರಾಂವ.

"ಬೇಡಪಾ" ಅಂದೆ.

ಅವ ಬೂಟು ನೋಡಿದ. "ಆಂಟಿ, ಅಂಕಲ್ ಹತ್ರ ಎರಡು ನಿಮಿಷ ಮಾತಾಡ್ತೀನಿ."

"ಅವರು ಸ್ನಾನ ಮಾಡಾಕತ್ತಾರ."

"ಪರವಾಗಿಲ್ಲ, ಕಾಯ್ತೀನಿ" ಅಂತ ಮೆಟ್ಟಿಲ ಮ್ಯಾಲ ಕುಂತೇಬಿಟ್ಟ!

ಈಗೇನು ಮಾಡೂದು? ಬಚ್ಚಲಕ್ಕ ಹೋಗಿ ತಂಬಿಗಿಲೇ ನೀರು ಸುರುವಿದೆ, ಧಡಾಲ್ ಧಡಾಲ್. ನಿಂತು ಕಿವಿಗೊಟ್ಟೆ, ಅವ ಕೆಮ್ಮಿದ. ಮತ್ತೊಂದಿಷ್ಟು ಸುರುವಿದೆ. ಗಂಡಸರು ಮಾಡಿಧಂಗ ಗಂಟಲ ಕ್ಯಾಕರಿಸಿದೆ. ಹಂಡೆದಾಗಿನ ನೀರು ತಳಾ ಕಂಡ್ರೂ ಅಂವ ಏಳವಲ್ಲ. ಕಡೀಕ ಹೊರಗ ಬಂದು, "ಅವರದು ಪೂಜಾ ಭಾಳ ಹೊತ್ತು ಐತಪಾ" ಅಂದೆ.

ಅಂವ ಎದ್ದು ಚೀಲ ಹೆಗಲಿಗೆ ಹಾಕ್ಕೊಂಡು, ಭಾಳ ಮರ್ಯಾದಿಲೇ ಹೇಳಿದ: "ಅಂಕಲ್‌ಗೆ ತಲಿ ಒರಸ್ಕೊಳ್ಳಾಕ ಹೇಳ್ರಿ ಆಂಟಿ. ನಿಮ್ಮ ಸೀರಿ ಎಲ್ಲಾ ತೊಯ್ದೈತಿ."

ಮ್ಯಾಲಿನ ಖೋಲಿ

ಮುಂದ ಮ್ಯಾಲಿನ ಖೋಲಿಗೆ ಒಬ್ಬ ಹುಡುಗಿ ಬಂದ್ಲು. ರಾಯಚೂರಿನಾಕಿ, ಹೈಟೆಕ್ ಸಿಟ್ಯಾಗ ಕೆಲಸ. ನನ್ನ ಕನ್ನಡ ಕೇಳಿ, "ಆಯೀ" ಅಂತ ಬಂದು ಕಾಲಿಗೆ ಬಿದ್ಲು. ಬಂದ ದಿನಾನೇ ಕಾಲಿಗೆ ಬೀಳಾವ್ರ ಮ್ಯಾಲೂ ನನಗ ಸಂಶಯ.

ಮಾಲಕ ನನ್ನ ಬಾಜೂಕ ಕರದು, "ಅಮ್ಮಾ, ಕಂಪನಿಯವರ ಪಗಾರ ನೋಡಿ ಕೊಟ್ಟೀನಿ. ಆದ್ರ ಗಂಡಸರು ಬರಂಗಿಲ್ಲ ಅಂತ ಖಡಕ್ ಹೇಳೀನಿ. ನೀವು ಫ್ಯಾಮಿಲಿ ಇದ್ದೀರಿ. ಆಕಿ ಮ್ಯಾಲ ಒಂದು ಕಣ್ಣಿಡ್ರಿ" ಅಂದ.

ಅವ ಒಂದು ಅಂದ, ನಾ ಎರಡೂ ಇಟ್ಟೆ.

ಮೊದಲ ಸುದ್ದಿ ದನಿ. ಆಕಿ ಒಬ್ಬಾಕಿನೇ ಇದ್ರೂ ದಿನಾ ಮಾತು, ನಗು. ಜಳಕ ಮಾಡೂ ಮುಂದ ಹಾಡು ಬ್ಯಾರೆ. ಹಪ್ಪಳ ಒಣಗಿಸೂ ನೆವಾ ಮಾಡಿ ಮಾಳಿಗಿ ಮ್ಯಾಲ ಹೋಗಿ ನೋಡಿದೆ: ಕಿವ್ಯಾಗ ವಾಯರ್ ಸಿಗಿಸ್ಕೊಂಡು ಗ್ವಾಡಿಗೆ ಮಾತಾಡಾಕತ್ತಿದ್ಲು. "ಯಾರ ಜೋಡಿ ಅವ್ವಾ?" ಅಂದ್ರ, "ಅಮೆರಿಕಾದ ಕ್ಲೈಂಟ್ ಆಯೀ" ಅಂದ್ಲು. ಅಮೆರಿಕಾದಾಂವಗ ಕೇಳ್ತಾರೇನ್ರಿ, "ಊಟಾ ಆತಾ, ಏನ ಮಾಡಿದ್ದಿ" ಅಂತ?

ಎರಡನೇ ಸುದ್ದಿ ಚಪ್ಪಲಿ. ಒಂದಿನ ಸಂಜಿಮುಂದ ನೋಡಿದ್ರ ಆಕಿ ಬಾಗಿಲ ಮುಂದ ಗಂಡಸರ ಚಪ್ಪಲಿ. ಇಷ್ಟುದ್ದ! ನಾ ಮೆಟ್ಟಿಲ ಮ್ಯಾಲ ಕುಂತು ಅವರಿ ಸುಲಿದೆ. ಅವರಿ ಮುಗಿದ್ವು, ಬೆಳ್ಳೊಳ್ಳಿ ಸುಲಿದೆ. ಒಳಗಿದ್ದಾಂವ ಹೊರಗ ಬರವಲ್ಲ. ಮರುದಿನ ಮುಂಜಾನೆ ಆಕಿ ಕಂಪನಿ ಗಾಡಿ ಹತ್ತಿ ಹೋದ್ಲು, ಚಪ್ಪಲಿ ಇಲ್ಲ. ಸಂಜಿಗೆ ಮತ್ತ ಅಲ್ಲೇ. ದಿನಾ ಹಿಂಗ. ಬರೂದು ಕಾಣಂಗಿಲ್ಲ, ಹೋಗೂದು ಕಾಣಂಗಿಲ್ಲ. ನನ್ನ ಕಣ್ಣು ತಪ್ಪಿಸಿ ಈ ಮೆಟ್ಟಿಲ ಹತ್ತಿದ ಗಂಡಸು ಇನ್ನೂ ಹುಟ್ಟಿಲ್ಲ ಅಂತ ನನಗ ಭಾಳ ಹೆಮ್ಮಿ ಇತ್ತು. ಅದಕ್ಕ ಸಿಟ್ಟು ಬಂತು.

ಹತ್ತರ ಹೋಗಿ ಚಪ್ಪಲಿ ತಿರುವ್ಯಾಡಿ ನೋಡಿದೆ. ಎಡಗಾಲಿಂದು ಹಿಮ್ಮಡ ಸವದಿತ್ತು. ಎಡಕ್ಕ ವಾಲಿ ನಡಿಯಾಂವ. ಅವತ್ತಿಂದ ಓಣ್ಯಾಗ ಹೋಗೂ ಎಲ್ಲಾ ಗಂಡಸರ ನಡಿಗಿ ನೋಡಾಕತ್ತೆ. ನೋಡಿ ನೋಡಿ ನಾನೇ ಎಡಕ್ಕ ವಾಲಾಕತ್ತೆ.

ಪೆಟ್ಟಿಗಿ ಸಾಕ್ಷಿ

ಆಗ ಪಿಜ್ಜಾ ಅನ್ನೂದು ಮನಿಗೇ ಬರಾಕತ್ತಿತ್ತು. ಒಂದಿನ ಕೆಂಪು ಟೊಪಿಗಿ ಹಾಕ್ಕೊಂಡಾಂವ ಗಾಡಿ ಮ್ಯಾಲ ಅಗಲ ಪೆಟ್ಟಿಗಿ ತಂದು ಹುಡುಗಿಗೆ ಕೊಟ್ಟು ಹೋದ. ಅಷ್ಟಗಲದ ರೊಟ್ಟಿ ಒಬ್ಬ ಹುಡುಗಿ ತಿಂತಾಳೇನು? ಮರುದಿನ ಕಸದ ಡಬ್ಬ್ಯಾಗ ಪೆಟ್ಟಿಗಿ ಬಿದ್ದಿತ್ತು. ನನ್ನಂಥಾಕಿ ಬಿಡ್ತಾಳೇನು, ತೆಗದು ಬಿಚ್ಚಿದೆ.

ಒಂದು ಕಡೆ ರೊಟ್ಟಿಯ ಅಂಚು ಸಾಲಾಗಿ ಬಿದ್ದಿದ್ವು. ಇನ್ನೊಂದು ಕಡೆ ಅಂಚಿಲ್ಲ, ಪುಡಿ ಸುದ್ದಾ ಇಲ್ಲ. ತಿಳೀತಲ್ಲ? ಅಂಚು ಬಿಟ್ಟು ತಿನ್ನಾವ್ರು ಒಬ್ರು, ಅಂಚೂ ಬಿಡದಂಗ ತಿನ್ನಾವ್ರು ಇನ್ನೊಬ್ರು.

ಬಾಜೂ ಮನಿ ತೆಲುಗರ ಹೆಣಮಗಳು ಅದೇ ಹೊತ್ತಿಗೆ ಕಸಾ ಚೆಲ್ಲಾಕ ಬಂದ್ಲು. ಪೆಟ್ಟಿಗಿ ಕೈಯಾಗ ಹಿಡದು ಮೂಸಾಕತ್ತಿದ್ದ ನನ್ನ ನೋಡಿ ನಿಂತ್ಲು. ಸಂಜಿಗೆ ನನ್ನ ಬಾಗಲಾ ಬಡದು ಒಂದು ಡಬ್ಬಿ ಉಪ್ಪಿಟ್ಟು ಕೊಟ್ಟು, ಕಣ್ಣಾಗ ನೀರು ತಂದು, "ಏನಾರ ಬೇಕಾದ್ರ ನಮ್ಮನ್ನ ಕೇಳ್ರಿ ಪೆದ್ದಮ್ಮಾ, ಸಂಕೋಚ ಮಾಡ್ಕೋಬ್ಯಾಡ್ರಿ" ಅಂದ್ಲು. ಪೆದ್ದಮ್ಮ ಅಂದ್ರ ಅವರ ತೆಲುಗಿನ್ಯಾಗ ದೊಡ್ಡಮ್ಮ.

ಉಪ್ಪಿಟ್ಟು ಚಲೋ ಇತ್ತು. ಆಕಿ ತಿಳ್ಕೊಂಡಿದ್ದನ್ನ ನಾ ತಿದ್ದಾಕ ಹೋಗಲಿಲ್ಲ.

ಭಾನುವಾರದ ಪಂಚಾಯ್ತಿ

ಇನ್ನ ತಡಿಯೂದು ಬ್ಯಾಡ ಅಂತ ಕಿರಾಣಿ ಅಂಗಡಿ ಮುಂದಿನ ರೂಪಾಯಿ ಡಬ್ಬಿ ಫೋನಿಂದ ಮಾಲಕಗ ಹಚ್ಚಿದೆ. "ಮ್ಯಾಲಿನ ಖೋಲ್ಯಾಗ ಗಂಡಸಿನ ಚಪ್ಪಲಿ ಅದಾವ್ರಿ. ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ್ರಿ" ಅಂದೆ. "ಭಾನುವಾರ ಬಂದು ಆಕಿ ಸಾಮಾನು ಹೊರಗ ಹಾಕ್ತೀನಿ" ಅಂದ.

ಭಾನುವಾರ ಮುಂಜಾನೆ ಚಹಾ ಕುಡೀಲಿಲ್ಲ, ಚಲೋ ಸೀರಿ ಉಟ್ಟೆ, ಬಾಗಿಲ ಸಂದಿಗೆ ಕಣ್ಣು ಹಚ್ಚಿ ನಿಂತೆ. ಮಾಲಕ ಬಂದ. ಇಬ್ರೂ ಮ್ಯಾಲ ಹೋದಿವಿ. ಚಪ್ಪಲಿ ಅಲ್ಲೇ!

ಹುಡುಗಿ ಬಾಗಲಾ ತೆಗದ್ಲು. ಮಾಲಕ ಚಪ್ಪಲಿ ತೋರಿಸಿ, "ಇವು ಯಾರವು? ಸಾಮಾನು ಕಟ್ಟು" ಅಂದ. ಒಳಗ ಹೊಕ್ಕು ಮಂಚದ ಕೆಳಗ, ಕಪಾಟದ ಹಿಂದ, ಬಚ್ಚಲದಾಗ ನೋಡಿದ. ಯಾರೂ ಇಲ್ಲ. ಬಕೀಟಿನ್ಯಾಗ ನಾ ಇಣುಕಿದೆ, ಅಲ್ಲೂ ಇಲ್ಲ.

ಹುಡುಗಿ ಮಾರಿ ಬೆಳ್ಳಗಾಗಿತ್ತು. ಊರಿಗೆ ತಿರುಗಿ ಹೋದ್ರ ಅಪ್ಪ-ಅವ್ವ ಮತ್ತ ಬರಾಕ ಬಿಡಂಗಿಲ್ಲ ಅಂತ ಆಕಿ ಮೊದಲೇ ನನಗ ಹೇಳಿದ್ಲು. ನನ್ನ ಕಡೆ ಒಮ್ಮೆ ನೋಡಿದ್ಲು. ಆಮ್ಯಾಲ ಮಾಲಕಗ ಹೇಳಿದ್ಲು: "ಒಬ್ಬಾಕಿನೇ ಇರ್ತೀನಲ್ರಿ, ಬಾಗಲಾ ಬಡಿಯಾವ್ರು ಭಾಳ. ಗಂಡಸರ ಚಪ್ಪಲಿ ಕಂಡ್ರ ಹೋಗ್ತಾರ ಅಂತ ಇಟ್ಟೀನಿ. ಕೆಳಗಿನ ಅಂಕಲ್ ಅವರೇ ಈ ಯುಕ್ತಿ ಹೇಳಿಕೊಟ್ಟಾರ."

ಕೆಳಗಿನ ಅಂಕಲ್!

ಮಾಲಕ ನನ್ನ ಕಡೆ ತಿರುಗಿದ. "ಖರೇ ಏನಮ್ಮಾ? ಸಾರ್ ಹೇಳಿದ್ರ? ಕರೀರಿ, ಅವರನ್ನೇ ಕೇಳಿಬಿಡೂಣು."

"ಡ್ಯೂಟಿ ಮ್ಯಾಲ ಹೋಗ್ಯಾರ್ರಿ" ಅಂದೆ. ಬಾಯಿಪಾಠ ಅದು.

ಮಾಲಕ ಮೆಟ್ಟಿಲ ಮ್ಯಾಲಿಂದ ಕೆಳಗ ಬಗ್ಗಿ ನೋಡಿದ. "ಹಂಗಾರ ಬೂಟು ಇಲ್ಲೇ ಅದಾವಲ್ಲ?"

ಅಯ್ಯ ನನ ಕರ್ಮವೇ! ಆಕಿ ಚಪ್ಪಲಿ ಕಾಯೂ ಗದ್ಲದಾಗ ನಮ್ಮ ಬೂಟು ಒಳಗ ತರೂದು ಮರತಿದ್ದೆ. ಬಿಸಲಾಗ ಫಳಫಳ ಹೊಳೀತಿದ್ವು, ಹಿಂದಿನ ದಿನ ನಾನೇ ಪಾಲಿಶ್ ಹಚ್ಚಿದ್ದೆ. ಕಣ್ಣ ಮುಂದ ಕಲಬುರಗಿ ಬಂತು, ಮೈದುನ ಬಂದ, ಕೆನಿಗಟ್ಟಿದ ಚಹಾ ಬಂತು.

"ಬರಿಗಾಲಿಲೇ... ಹೋಗ್ಯಾರ" ಅಂದೆ.

"ಗಾರ್ಡ್ ಸಾಹೇಬ್ರು ಬರಿಗಾಲಿಲೇ ಡ್ಯೂಟಿಗೆ?" ಮಾಲಕನ ಹುಬ್ಬು ಮ್ಯಾಲ ಏರಿದ್ವು.

ಆಗ ಹುಡುಗಿ ಹಿಂದಿಂದ ಮೆಲ್ಲಗ ಅಂದ್ಲು: "ಅಂಕಲ್ ಅಯ್ಯಪ್ಪನ ಮಾಲಿ ಹಾಕ್ಯಾರಲ್ರಿ. ಸ್ವಾಮಿಗಳು ಚಪ್ಪಲಿ ಮೆಟ್ಟಂಗಿಲ್ಲ."

ಮಾಲಕ ಒಮ್ಮೆಗೇ ಮೆತ್ತಗಾದ. ಕೆಳಗ ಇಳದು ಬಂದ, ತನ್ನ ಚಪ್ಪಲಿ ದೂರ ಬಿಟ್ಟ, ನಮ್ಮ ಮನೆಯವರ ತೊಗಲಿನ ಬೂಟಿಗೆ ಎರಡೂ ಕೈ ಮುಗದು, "ಸ್ವಾಮಿಯೇ ಶರಣಂ ಅಯ್ಯಪ್ಪ" ಅಂದ.

ಮೂವತ್ತು ವರ್ಷ ಸಂಸಾರ ಮಾಡಿದಾಕಿ ನಾ. ಆ ಬೂಟಿಗೆ ಸಾಕ್ಸಿನ ವಾಸನಿ ಬಿಟ್ಟು ಬ್ಯಾರೆ ಮಹಿಮಾ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಸ್ವಾಮಿಗಳ ಊಟ

ಅಷ್ಟಕ್ಕೇ ಮುಗೀಲಿಲ್ಲ. ಮಾಲಕ ಭಕ್ತಿವಂತ. "ಮುಂದಿನ ಭಾನುವಾರ ಸ್ವಾಮಿಗಳಿಗೆ ನಮ್ಮ ಮನ್ಯಾಗ ಊಟ" ಅಂದ. "ಅವರು ಲೈನ್ ಬಿಟ್ಟು ಬರಂಗಿಲ್ರಿ" ಅಂದೆ. "ಹಂಗಾದ್ರ ನಾನೇ ತರ್ತೀನಿ" ಅಂದ, ತಂದೇಬಿಟ್ಟ! ದೊಡ್ಡ ಟಿಫಿನ್ ಕ್ಯಾರಿಯರ್, ಬಾಳಿ ಎಲಿ ಸುದ್ದಾ. ಬೂಟಿಗೆ ಮತ್ತೊಮ್ಮೆ ಕೈ ಮುಗದು ಹೋದ. ಅವತ್ತು ಅವು ಮಂಚದ ಕೆಳಗಿದ್ವು, ಅಲ್ಲೀತನಕ ಬಗ್ಗಿ ಮುಗದ.

ಅಂವ ಹೋದ ಮ್ಯಾಲ ಹುಡುಗೀನ ಕೂಗಿ ಕರದೆ. ಇಬ್ರೂ ಎಲಿ ಹಾಕ್ಕೊಂಡು ಕುಂತಿವಿ. ಪುಳಿಹೋರಾ, ಪಪ್ಪು, ವಡಿ, ಗೋಡಂಬಿ ಹಾಕಿದ ಪಾಯಸ. ನಮ್ಮ ಮನೆಯವರು ಬದುಕಿದ್ದಾಗ ನನಗ ಒಂದಿನ ಹೋಟೆಲ್ಲಿನ ಇಡ್ಲಿ ಕೊಡಿಸಿದವರಲ್ಲ. ಈಗ ಮಿಯಾಪುರದಿಂದ ಊಟ ತರಿಸ್ಯಾರ.

"ನಮ್ಮ ಮನ್ಯಾಗ ಯಾರೂ ಇಲ್ಲ ಅಂತ ನಿನಗ ಹ್ಯಾಂಗ ಗೊತ್ತಾತು?" ಅಂತ ಕೇಳಿದೆ.

"ಬಂದ ಹೊಸದಾಗೇ ನೋಡೀನಿ ಆಯೀ. ದಿನಾ ಮುಂಜಾನೆ ಅಂಕಲ್ ಡ್ಯೂಟಿಗೆ ಹೋದ ಮ್ಯಾಲ ಬೂಟು ಒಳಗ ಹೋಗ್ತಾವು. ನಿಮ್ಮನ್ನ ನೋಡೇ ನಾನೂ ಕಲತೆ. ಕೋಠಿ ಬಜಾರಕ್ಕ ಹೋಗಿ ದೊಡ್ಡ ಅಳತಿದು ಹೊಸಾ ಚಪ್ಪಲಿ ತಂದೆ."

ಪಾಪ, ನನ್ನಂಗ ಒಬ್ಬಾಕಿನೇ ಇರೂ ಹುಡುಗಿ, ನನ್ನ ಮನಿ ಉಳಿಸಿದಾಕಿ ಅಂತ ಕರುಳು ಚುರ್ ಅಂತು. ನನ್ನ ಪಾಲಿನ ವಡಿನೂ ಆಕಿ ಎಲಿಗೆ ಹಾಕಿದೆ. ತಲಿ ಮ್ಯಾಲ ಕೈ ಆಡಿಸಿದೆ. ಪಾಯಸಾ ಬಡಿಸ್ಕೋತ ಮೆಲ್ಲಗ ಕೇಳಿದೆ:

"ಹೊಸಾ ಚಪ್ಪಲಿ ಅಂದ್ಯಲ್ಲವ್ವಾ, ಎಡಗಾಲಿನ ಹಿಮ್ಮಡ ಹ್ಯಾಂಗ ಸವದೈತಿ?"

ಹುಡುಗಿಗೆ ಪಾಯಸಾ ನೆತ್ತಿಗೇರ್ತು. ನಾ ಬೆನ್ನು ತಟ್ಟಿ ನೀರು ಕೊಟ್ಟೆ. "ಸಾವಕಾಶ ಕುಡಿ," ಅಂದೆ. "ಆ ಪಿಜ್ಜಾದ ಅಂಚು ತಿನ್ನಾವ್ಗೂ ಒಂದು ವಡಿ ತಗೊಂಡು ಹೋಗು. ಮನಿ ಹಿಂದಿನ ಪೈಪಿಗುಂಟ ಏರಿ ಬರ್ತಿದ್ರ ಅವ್ಗ ಹೇಳು, ಇನ್ಮ್ಯಾಲ ಮೆಟ್ಟಿಲಿಂದ ಬರಲಿ. ಮಾಲಕ ಕೇಳಿದ್ರ, ನಮ್ಮ ಸ್ವಾಮಿಗಳ ಶಿಷ್ಯಾ ಅಂತ ಹೇಳ್ತೀನಿ."