ಕ್ಯಾಲೆಂಡರ ನೋಡದ ಹಬ್ಬ ಹೇಳಾಂವ

ಜಮಖಂಡಿ ಸೀಮ್ಯಾಗ ಕ್ಯಾಲೆಂಡರ ನೋಡದ ಹಬ್ಬ ಹೇಳಾಂವ ಅಂದ್ರ ನಾ ಒಬ್ಬನ. ನಮ್ಮ ಓಣಿ ಹಿರೇ ಜೋಯಿಸರು ಪಂಚಾಂಗ ತೆರಿಯೂಕಿಂತ ಮೊದಲ "ಈ ಸಲ ದೀಪಾವಳಿ ಯಾವಾಗೋ?" ಅಂತ ನನ್ನ ಕೇಳತಿದ್ರು. ಈಗ ಅವರೂ ಇಲ್ಲ, ಕೇಳಿಸಿಕೊಂಡವರೂ ಇಲ್ಲ.

ನಾ ಸಾಲಿ ಕಲತಾಂವ ಅಲ್ಲ. ಆದ್ರ ಹಬ್ಬ ಒಂದ ತಾರೀಖಿಗೆ ನಿಂದ್ರೂವಲ್ಲ, ವರ್ಷಾ ವರ್ಷಾ ಸರಕೋತ ಹೋಗ್ತಾವ. ಅವನ್ನ ಬೆನ್ನ ಹತ್ತಿ ಹಿಡಿಯೂದು ನನಗ ಬರ್ತೈತಿ. ಈಗ ಎಲ್ಲಾರ ಕೈಯಾಗ ಮೊಬೈಲ ಐತಿ. ಒಂದ ಹಬ್ಬ ತಪ್ಪಿದ್ರೂ ಮುಂದ ನನ್ನ ಯಾರೂ ಕೇಳಾಕ ಬರಂಗಿಲ್ಲ. ಅದಕ್ಕ ನಾ ತಪ್ಪಂಗಿಲ್ಲ. ಒಮ್ಮೊಮ್ಮೆ ಹಬ್ಬನ ತಪ್ಪತಾವ.

೧. ಎತ್ತು

ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತು ಮಾಡಿ ಪೂಜಿ ಮಾಡೂದು ನಮ್ಮ ಕಡೆ ರೂಢಿ. ಒಂದ ವರ್ಷ "ಇವತ್ತ ಅಮಾಸಿ" ಅಂದೆ. ಓಣಿ ಹೆಣ್ಣಮಕ್ಕಳೆಲ್ಲ ಎತ್ತು ತಂದು ಜಗಲಿ ಮ್ಯಾಲೆ ಇಟ್ರು, ಕಡಬು ಕುದಿಸಿದ್ರು. ಮಧ್ಯಾಹ್ನ ಎದುರು ಮನಿ ಹೆಣ್ಣಮಗಳು ಮೊಬೈಲ ಹಿಡಕೊಂಡ ಬಂದ್ಲು.

"ಏನೋ ಯಜ್ಜಾ, ಅಮಾಸಿ ನಾಳೆ ಐತಂತಲ್ಲೋ!"

"ಎತ್ತು ಮುಟ್ಟಿ ನೋಡ ಬೇ. ಹಸಿ ಅದಾವೋ ಇಲ್ಲೋ?"

"ಹಸಿ ಅದಾವ."

"ಹಸೇ ಎತ್ತಿನ ಪೂಜಿ ಮಾಡ್ತಾರೇನು? ಒಂದಿನ ಒಣಗಲಿ ಅಂತನ ಮೊದಲ ಹೇಳೇನಿ."

"ಮತ್ತ ಕಡಬು?"

"ಅವು ಒಣಗೂದು ಬ್ಯಾಡ. ತಾ ಇಲ್ಲಿ."

೨. ಚಂದ್ರ

ರಂಜಾನ ಹಬ್ಬ ಚಂದ್ರನ ಕೈಯಾಗ. ನಮ್ಮ ಬಾಜೂ ಮನಿ ಸಾಬ ಟೇಲರ. ಚಂದ್ರ ಕಂಡ್ರ ನಾಳೆನ ಹಬ್ಬ, ಹೊಲಿಯಾಕ ಹಿಡದ ಅಂಗಿ ಎಲ್ಲಾ ಇವತ್ತ ಮುಗೀಬೇಕು. ಒಂದ ಸಂಜೀಕ ಮಾಳಗಿ ಮ್ಯಾಲೆ ನಿಂತು ಮೋಡದಾಗ ಹುಡಕಾಕತ್ತಿದ್ದ. ನಾನೂ ಹತ್ತಿದೆ. ಬನಹಟ್ಟಿ ದಿಕ್ಕಿಗೆ ಕೈ ಮಾಡಿ, "ಅಕಾ, ಅಲ್ಲಿ!" ಅಂದೆ.

"ಕಾಕಾ, ಅದು ಟವರಿನ ದೀಪ ಐತ್ರಿ. ಕೆಂಪಗ ಐತಿ, ಮಿಣಮಿಣ ಅನ್ನಾಕತ್ತೈತಿ."

"ಹಬ್ಬ ಬಂತಂದ್ರ ಚಂದ್ರಗೂ ಖುಷಿ ಇರಂಗಿಲ್ಲೇನೋ?"

೩. ಪಂಚಮಿ

ಮಗಳನ್ನ ಬೀಳಗಿಗೆ ಕೊಟ್ಟೇನಿ. ನಾಗರ ಪಂಚಮಿಗೆ ತವರಿನವರು ಉಂಡಿ ಒಯ್ದು ಕರಕೊಂಡ ಬರಬೇಕು. ಬೀಗತಿ ಕಳಸೂದು ವರ್ಷಕ್ಕ ಅದೊಂದ ಸಲ.

ಆ ವರ್ಷ ಯುಗಾದಿಯಿಂದ ನಾಕ ಅಮಾಸಿ ಎಣಿಸಿದೆ. ಸೊಸಿ ಕಟ್ಟಿಕೊಟ್ಟ ಶೇಂಗಾ ಉಂಡಿ ಡಬ್ಬಿ ಹಿಡಕೊಂಡ ಬಸ್ ಹತ್ತಿದೆ. ಬಾಗಲದಾಗ ನನ್ನ ನೋಡಿದ್ದ ತಡ, ಮಗಳು ಚೀಲ ತುಂಬಿದ್ಲು. ಅಪ್ಪ ಬಂದು ನಿಂತಾಗ ತಿಥಿ ಯಾರ ಕೇಳ್ತಾರ?

ಬೀಗತಿ ಕೇಳಿದ್ಲು. "ಬೀಗರ, ಈ ವರ್ಷ ಅಧಿಕ ಮಾಸ ಬಂದೈತ್ರಿ. ಒಂದ ತಿಂಗಳ ಹೆಚ್ಚಿಗಿ. ಪಂಚಮಿ ಮುಂದಿನ ತಿಂಗಳ. ಈಗ ಒಯ್ತೀನಿ ಅಂದ್ರ ಒಯ್ರಿ, ಆವಾಗ ನಾ ಕಳಸಂಗಿಲ್ಲ."

ಮಗಳ ಮಾರಿ ಸಣ್ಣದಾತು. ಪಂಚಮಿಗೆ ಅವಳ ಗೆಳತ್ಯಾರೆಲ್ಲ ಊರಿಗೆ ಬರೂವರು. ಈಗ ಬಂದ್ರ ಒಬ್ಬಾಕಿನ ಕುಂದ್ರಬೇಕು.

"ಪಂಚಮಿಗೆ ಯಾರ ಬಂದಾರ್ರೀ?" ಅಂದೆ. "ಅಧಿಕದಾಗ ಅಳಿಯಗ ಸಿಹಿ ಕೊಡೂ ರೂಢಿ ಐತೋ ಇಲ್ಲೋ? ಕೊಡಾಕ ಬಂದೇನಿ. ಮಗಳನ್ನ ಮುಂದಿನ ತಿಂಗಳ ಒಯ್ತೇನಿ."

ಬೀಗತಿ ಡಬ್ಬಿ ತಗದು ಎಣಿಸಿದ್ಲು. "ಅಧಿಕಕ್ಕ ಮೂವತ್ಮೂರ ಕೊಡ್ತಾರ್ರಿ. ಇಲ್ಲಿ ಇಪ್ಪತ್ತೊಂದ ಅದಾವ."

"ನಿಮ್ಮ ಬೀಳಗಿ ರಸ್ತೆ ಎಷ್ಟ ಕುಲಕತೈತಿ ಅಂತೀರಿ!"

ಬೀಗತಿ ನಕ್ಕಬಿಟ್ಲು. ಮಗಳು ಚೀಲ ತಿರಗಿ ಒಳಗ ಇಟ್ಲು. ಅವಳ ಪಂಚಮಿ ಉಳೀತು.

ಮೊನ್ನೆ ಇದನ್ನ ಕಟ್ಟಿ ಮ್ಯಾಲೆ ನಾಕ ಮಂದಿ ಮುಂದ ಹೇಳಿ, "ಅಧಿಕ ಮಾಸ ನನಗ ಮೊದಲ ಗೊತ್ತಿತ್ತು" ಅಂದೆ. ಚಹಾ ತಂದಿದ್ದ ಸೊಸಿ ಅಲ್ಲೇ ನಿಂತ್ಲು.

"ಹೌದ್ರಿ ಮಾಂವಾರ? ಹಂಗಾದ್ರ ಬಸ್ ಹತ್ತೂ ಮುಂಜೇನಿ ಬೇವಿನ ಗಿಡಕ್ಕ ಪಂಚಮಿ ಜೋಕಾಲಿ ಯಾಕ ಕಟ್ಟಿಸಿದ್ರಿ?"

ಕಟ್ಟಿ ತುಂಬ ನಗು. ನಾ ಹೆಗಲ ಹಾರಿಸಿ ಚಹಾ ತಗೊಂಡೆ.

"ಹಗ್ಗ ಹಳೇದಿತ್ತವಾ. ತಿಂಗಳ ಮೊದಲ ಜೀಕಿ ನೋಡಬೇಕಲ್ಲ?"